ಎದೆಯೊಳಗಿನ ತವರ

ಬುಕುರು, ಜಾಸ್ ಪ್ರಸ್ಥಭೂಮಿ
೧೮ ಆಗಸ್ಟ್ ೧೯೮೬

ಪ್ರೀತಿಯ ಕನೆಂಗ್‌ಗೆ,

ಇಬಾದಾನಿನ ಸೆಕೆ ಈಗಲಾದರೂ ಒಗ್ಗಿತೆ? ಈಸ್ಟರ್ ಹೊತ್ತಿಗೆ ನೀನು ಬರೆದ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸು. ಒಳ್ಳೆಯ ಸುದ್ದಿ ಸಿಕ್ಕಲಿ, ಅದನ್ನೇ ಬರೆಯೋಣವೆಂದು ಕಾದೆ. ಕೊನೆಗೆ ಸಹಾಯ ಬೇಡಿ ಬರೆಯುವಂತಾಯಿತು. ಎಕ್ಸ್-ರೇ ಓದುವ ವಿದ್ಯೆ ಕಲಿತ ಶಿಷ್ಯೆ ನನಗೆ ನೀನೊಬ್ಬಳೇ.

ಗಣಿಯ ಅದಿರಿನ ಶೆಡ್ಡಿನಲ್ಲಿರುವ ತರಬೇತಿ ಶಾಲೆಯಲ್ಲಿ ನನ್ನ ಪಾಠ ಈಗಲೂ ನಡೆದಿದೆ. ಒಂದೇ ಗ್ರಾನೈಟ್ ಬಂಡೆಯ ಒಡಲಿನಿಂದ ಕಳಚಿ ಬಂದ ಎರಡು ಅದಿರುಗಳು ಹೊಳೆಯ ಮರಳಿನಲ್ಲಿ ಬೆರೆತಿರುತ್ತವೆ. ನಯೋಬಿಯಂ ಇರುವ ಕರಿಯ ಕಾಳನ್ನು ಕಾಂತ ಎತ್ತಿಕೊಳ್ಳುತ್ತದೆ, ತವರದ ಕಾಳು ಯಂತ್ರದ ಸಾಗುಪಟ್ಟಿಯ ಮೇಲೆ ಉಳಿಯುತ್ತದೆ. ನಾವು ಬೇರ್ಪಡಿಸಿ ಕಳಿಸಿದ ಈ ಎರಡು ಲೋಹಗಳನ್ನು ದೂರದೇಶದವರು ಮತ್ತೆ ಬೆಸೆದು, ತಂತಿ ಮಾಡಿ, ಕಡುಶೀತದಲ್ಲಿಟ್ಟು ಮಹಾಕಾಂತಗಳನ್ನು ಕಟ್ಟುತ್ತಾರೆ ಎಂದಾಗ ಲ್ಯೊಪ್ ಎಂಬ ಹುಡುಗಿ ಎದ್ದು ನಿಂತಳು: “ಹಂಗಾದ್ರೆ ಮೇಷ್ಟ್ರೆ, ಮತ್ತೆ ಮದುವೆ ಆಗೋರಿಗೆ ನಾವ್ಯಾಕೆ ಇಷ್ಟು ಕಷ್ಟಪಟ್ಟು ಸೋಡಚೀಟಿ ಕೊಡಿಸ್ತಿದೀವಿ?” ಶೆಡ್ಡೆಲ್ಲ ನಕ್ಕಿತು.

ಆ ಲ್ಯೊಪ್‌ಳಿಗಾಗಿಯೇ ಈ ಕಾಗದ. ಹಲವು ವರ್ಷಗಳಿಂದ ಅವಳು ಒಣಗಿದ ತವರದ ಅದಿರನ್ನು ಮೂಟೆಗೆ ತುಂಬುವ ಕೆಲಸ ಮಾಡುತ್ತಿದ್ದಾಳೆ. ಈ ವರ್ಷ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಆದರೆ ಆರೋಗ್ಯ ತಪಾಸಣೆಯ ಎಕ್ಸ್-ರೇಯಲ್ಲಿ ಎದೆಯ ತುಂಬ ನವಣೆ ಚೆಲ್ಲಿದಂತೆ ಬಿಳಿಚುಕ್ಕೆಗಳು ಕಂಡವು. ಕ್ಷಯವಿರಬಹುದೆಂದು ವೈದ್ಯರು ಸಹಿ ತಡೆದರು. ಮರುದಿನ ಶೆಡ್ಡಿನಲ್ಲಿ ಎಂದಿನಂತೆ ಕುನು ಅಂಬಲಿಯ ಸೋರೆಬುರುಡೆ ಬಾಯಿಂದ ಬಾಯಿಗೆ ಸಾಗಿ ಬಂದು, ಅವಳನ್ನು ದಾಟಿ ಮುಂದೆ ಹೋಯಿತು.

“ಯಾಕೆ ಹನಾತಕ್ಕ, ನನ್ನ ಬಾಯಲ್ಲಿ ಹಾವಿದೆಯಾ?”

“ಹಾವಾಗಿದ್ರೆ ಹೊಡೀಬಹುದಿತ್ತು ಕಣೆ. ಮನೇಲಿ ಕೂಸುಗಳಿವೆ ನಂಗೆ.”

ಅವಳ ಪಕ್ಕದಲ್ಲೇ ಮೂಟೆ ತುಂಬುವ ಹನಾತು ಕೆಟ್ಟವಳಲ್ಲ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ನಾನು ಒಂದು ಚಿಟಿಕೆ ತವರದ ಅದಿರನ್ನು ಕಾಗದದಲ್ಲಿ ಮಡಚಿಕೊಂಡು, ಸಹಿ ತಡೆದ ವೈದ್ಯ ಅಡೆಯೆಮಿಯವರ ಬಳಿ ಹೋದೆ. “ಸರಿ ಮೇಷ್ಟ್ರೆ, ಇದಕ್ಕೂ ಒಂದು ಫೋಟೋ ತೆಗೆದೇಬಿಡೋಣ” ಎಂದು ನಕ್ಕು ಯಂತ್ರದಡಿ ಇಟ್ಟರು. ಚಿಟಿಕೆ ಅದಿರು ಮೂಳೆಗಿಂತ ಬೆಳ್ಳಗೆ ಮೂಡಿತು. ಅವರ ನಗು ನಿಂತಿತು.

“ತವರದ ಧೂಳು ಎದೇಲಿ ಕೂತ್ರೆ ನೋಡೋಕೆ ಭಯಂಕರ, ಉಸಿರಿಗೆ ಅಷ್ಟೇನೂ ತೊಂದ್ರೆ ಇಲ್ಲ ಅಂತ ಓದಿದೀನಿ. ಆದ್ರೆ ಕಣ್ಣಾರೆ ನೋಡಿಲ್ಲ. ಆ ಬಿಳಿ ಹಿಂದೆ ಕ್ಷಯ ಅಡಗಿದ್ರೆ? ನಾಳೆ ಇವಳು ರೋಗಿಗಳ ವಾರ್ಡಲ್ಲಿ ಇರೋಳು.”

ಆ ಸಂಶಯ ನ್ಯಾಯವಾದದ್ದೇ. ಕಫದ ಪರೀಕ್ಷೆಗಳನ್ನೆಲ್ಲ ಮಾಡಿಸಿದರು, ಕ್ಷಯದ ಸುಳಿವಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ. ತಜ್ಞರೊಬ್ಬರು ಚಿತ್ರವನ್ನು ಓದಿ ಬರೆದುಕೊಟ್ಟರೆ ಸಹಿ ಹಾಕುತ್ತೇನೆ ಎಂದಿದ್ದಾರೆ. ತಿಂಗಳು ಕಳೆದರೆ ಸೀಟು ಬೇರೆಯವರ ಪಾಲು.

ಚಿತ್ರವನ್ನು ಇದರೊಡನೆ ಕಳಿಸಿದ್ದೇನೆ. ನನ್ನ ಆಸೆಯನ್ನು ನೋಡಿ ಬರೆಯಬೇಡ, ನಿನಗೆ ಕಂಡದ್ದನ್ನು ಬರೆ. ರೋಗವಾದರೆ ಅದಕ್ಕೆ ಔಷಧವಿದೆ. ಬರಿಯ ತವರವಾದರೆ ಆ ಹುಡುಗಿ ಬಿಳಿಯ ಸಮವಸ್ತ್ರ ತೊಡಲಿ. ಧೂಳು ಹೀರುವ ಫ್ಯಾನಿಗಾಗಿ ನಾನು ವ್ಯವಸ್ಥಾಪಕರ ಬೆನ್ನು ಬಿಟ್ಟಿಲ್ಲ. ನಿಮ್ಮಂಥ ಮಕ್ಕಳಿರುವಾಗ ನನಗೆ ಭರವಸೆ ಕಳೆದುಕೊಳ್ಳಲು ಪುರುಸೊತ್ತಿಲ್ಲ.

ನಿನ್ನ ಕಣ್ಣು ಚುರುಕಾಗಿರಲಿ, ಕೈ ಬೆಚ್ಚಗಿರಲಿ. ದೇವರು ನಿನ್ನನ್ನು ಕಾಯಲಿ.

ನಿನ್ನ ಮೇಷ್ಟ್ರು,
ರ್ವಾಂಗ್

ಮರೆತ ಮಾತು: ಲಕೋಟೆಯಲ್ಲಿ ಎರಡು ಚಿತ್ರಗಳಿವೆ. ಹೋಲಿಸಿ ನೋಡಲೆಂದು ವೈದ್ಯರು ಹಳೆಯ ಬೀರು ತೆಗೆಸಿದಾಗ ಎರಡನೆಯದು ಸಿಕ್ಕಿತು. ಮರೆತೆನೆಂದದ್ದು ಸುಳ್ಳು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅದು ನಿನ್ನ ಅಪ್ಪನದು. ಚುವಾಂಗ್ ಕೂಡ ಇದೇ ಮೂಟೆಗಳನ್ನು ತುಂಬುತ್ತಿದ್ದ. ಕ್ಷಯವೆಂದು ಅವನನ್ನು ಅಂಗಳದಾಚೆಯ ಗುಡಿಸಲಿಗೆ ಕಳಿಸಿದರು. ಗಣಿಯ ಹೊಂಡಕ್ಕೆ ಜಾರಿ ಸಾಯುವವರೆಗೂ ಅವನು ಕೆಮ್ಮಿದ್ದನ್ನು ನಾನು ಕೇಳಲಿಲ್ಲ. ತಾನು ನಿನ್ನನ್ನು ಅವನ ತೊಡೆಯಿಂದ ಕಿತ್ತು ತಂದು ನಿನ್ನ ಜೀವ ಉಳಿಸಿದೆನೆಂದೇ ನಿನ್ನ ತಾಯಿ ಇಂದಿಗೂ ನಂಬಿದ್ದಾಳೆ. ಎರಡು ಚಿತ್ರಗಳನ್ನೂ ಕಿಟಕಿಗೆ ಹಿಡಿದೆ. ನನ್ನ ಕಣ್ಣಿಗೆ ಭೇದ ಕಾಣಲಿಲ್ಲ. ನೀನು ನೋಡು. ತಾಯಿಗೆ ಹೇಳಬೇಕೋ ಬೇಡವೋ ನೀನೇ ತೀರ್ಮಾನಿಸು. ನಾನು ಹೇಳಲೆಂದೇ ಹೋಗಿದ್ದೆ. ನಮ್ಮ ಕಡೆಯ ಕಿರುಧಾನ್ಯ ‘ಅಚ್ಚ’ದ ಗಂಜಿ ಕೊಟ್ಟಳು. ಕುಡಿದು, ಮಳೆಯ ಮಾತಾಡಿ ಬಂದೆ.