ಇಲಿಗಳ ಪುಟ

ಡೊಂಬಿವಲಿ
೩–೧೨–೧೯೮೨

ಅವ್ವನ ಜಾಗದಲ್ಲಿರುವ ಅಕ್ಕ ಕಾಳವ್ವನಿಗೆ ತಂಗಿ ಪ್ರಭಾಳ ನಮಸ್ಕಾರಗಳು. ನಿನ್ನ ಮಾವನವರಾದ ಕಾಡಪ್ಪನವರ ಪಾದಕ್ಕೂ ನಮಸ್ಕಾರ. ಈ ಪತ್ರವನ್ನು ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿರುವವರು ಅವರೇ ಆದ್ದರಿಂದ ಅದು ನೇರವಾಗಿಯೇ ಮುಟ್ಟಿತೆಂದು ತಿಳಿಯುತ್ತೇನೆ.

ನಾವು ಇಲ್ಲಿ ಕ್ಷೇಮ. ನಿಮಗೆಲ್ಲ ಭಾವನವರದೇ ಚಿಂತೆ ಇರುತ್ತದೆ, ಹಾಗಾಗಿ ಅದನ್ನೇ ಮೊದಲು ಬರೆಯುತ್ತೇನೆ. ಭಿವಂಡಿಗೆ ಬಟ್ಟೆ ಖರೀದಿಗೆಂದು ಬಂದವರು ಹೊಟ್ಟೆನೋವಿನಿಂದ ನಮ್ಮ ಮನೆಗೆ ಬಂದಿಳಿದು, ಇಲ್ಲಿಂದ ಥಾಣೆಯ ಆಸ್ಪತ್ರೆ ಸೇರಿದ್ದು ನಿಮಗೆ ಗೊತ್ತೇ ಇದೆ. ಈಗ ನೋವು ಕಡಿಮೆಯಾಗಿದೆ. ಗಂಜಿ ಕುಡಿಯುತ್ತಾರೆ. ಮೊನ್ನೆ ಒಂದು ಇಡ್ಲಿಯನ್ನೂ ತಿಂದರು. ಪಕ್ಕದ ಹಾಸಿಗೆಯ ಮರಾಠಿ ಮುದುಕನ ಜೊತೆ ಮಿಲ್ ಮುಷ್ಕರದ ಬಗ್ಗೆ ವಾದ ಮಾಡುತ್ತಾರೆ. ಕತ್ತಿ ಹಚ್ಚಿಸಬೇಡಿರಿ, ದೊಡ್ಡ ರೋಗವೆಂದಾದರೆ ಊರಿಗೆ ಕರೆತನ್ನಿರಿ, ಇಲ್ಲಿ ನಾಟಿ ಔಷಧ ಕೊಡಿಸುತ್ತೇನೆ ಎಂದು ಮಾವನವರು ಅಂಗಡಿಯ ಮುರುಗೆಪ್ಪನ ಕೈಯಲ್ಲಿ ಹೇಳಿಕಳಿಸಿದ್ದು ನೆನಪಿದೆ. ಅಂಥ ಮಾತನ್ನು ಇಲ್ಲಿ ಯಾರೂ ಎತ್ತಿಲ್ಲ. ಅವರು ನಿಶ್ಚಿಂತೆಯಿಂದಿರಲಿ.

ಇನ್ನೊಂದು ಸುದ್ದಿ ಇದೆ. ಹಿರಿಯರೆದುರು ಓದಲ್ಪಡುವ ಪತ್ರದಲ್ಲಿ ಬರೆಯಲು ನಾಚಿಕೆ, ಆದರೂ ಬರೆಯದೆ ವಿಧಿಯಿಲ್ಲ. ನನಗೀಗ ಐದು ತಿಂಗಳು. ಹಿಂದಿನ ಎರಡು ಸಲ ಏನಾಯಿತೆಂದು ನೀನು ಬಲ್ಲೆ. ಆ ಭಯಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರು ಪ್ರಯಾಣವೇ ಕೂಡದು ಎಂದಿರುವುದರಿಂದ ನಾನು ಗೋಕಾಕಕ್ಕೆ ಬರುವಂತಿಲ್ಲ. ಅವ್ವ ಇದ್ದಿದ್ದರೆ ತಾನೇ ಬುತ್ತಿ ಕಟ್ಟಿಕೊಂಡು ಬಂದು ಕುಬಸ ಮಾಡುತ್ತಿದ್ದಳು. ಅವಳಿಲ್ಲದ ಮೇಲೆ ಹಸಿರು ಸೀರೆ ಉಡಿಸಿ ಉಡಿ ತುಂಬಬೇಕಾದವಳು ನೀನೊಬ್ಬಳೇ. ಇಲ್ಲಿಯ ಅಯ್ಯನವರು ಬರುವ ಶುಕ್ರವಾರ ಒಳ್ಳೆಯ ದಿನ ಎಂದಿದ್ದಾರೆ. ಮಾವನವರು ದೊಡ್ಡ ಮನಸ್ಸು ಮಾಡಿ ನಿನ್ನನ್ನು ಮುರುಗೆಪ್ಪನ ಜೊತೆ ಕಳಿಸಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ತಾಯಿಯಿಲ್ಲದ ಮಗಳ ಬೇಡಿಕೆ ಎಂದಾದರೂ ನಡೆಸಿಕೊಡಲಿ.

ಮನೆಯ ಸುದ್ದಿ ಇಷ್ಟು. ಇನ್ನು ನಮ್ಮ ಪ್ರಯೋಗಶಾಲೆಯ ಇಲಿಗಳ ಸಮಾಚಾರ. ಈ ವಾರ ಅವುಗಳ ಹಿಕ್ಕೆಯನ್ನೆಲ್ಲ ಕೂಡಿಸಿ, ಗಟ್ಟಿಯಾದದ್ದನ್ನು ಬೇರೆ, ನೀರಾದದ್ದನ್ನು ಬೇರೆ ತೂಗಿದೆವು. ಆಮೇಲೆ ಕೆಲವನ್ನು ಕೊಯ್ದು, ಕರುಳನ್ನು ಉದ್ದಕ್ಕೆ ಸೀಳಿ, ಒಳಗಿನ ಲೋಳೆಯನ್ನು ಗಾಜಿನ ಚೂರಿನಿಂದ ಕೆರೆದು ಉಪ್ಪುನೀರಿನಲ್ಲಿ ತೊಳೆದೆವು. ವಾಸನೆ ಮಧ್ಯಾಹ್ನದ ಡಬ್ಬಿ ಬಿಚ್ಚುವವರೆಗೂ ಕೈಯಲ್ಲೇ ಇತ್ತು.

ಅಕ್ಕಾ, ಈಗ ಪತ್ರ ನಿನ್ನ ಕೈಗೆ ಬಂದಿರಬೇಕು. ಹೋದ ವರ್ಷ ಯುಗಾದಿಯ ಪತ್ರದಲ್ಲಿ ನಾನು ಇಲಿಗಳ ಬಗ್ಗೆ ಬರೆದಾಗ ಮಾವನವರು, “ಥೂ, ಉಣ್ಣೂ ಹೊತ್ತಿನ್ಯಾಗ ಎಂಥಾ ಇಲಿ ಸುದ್ದಿ! ತಗೋ, ನಿನ್ನ ತಂಗೀದು ನೀನ ಓದ್ಕೊ” ಎಂದು ಹಾಳೆಯನ್ನು ನಿನ್ನತ್ತ ಒಗೆದರೆಂದು ನೀನು ಬರೆದಿದ್ದೆ. ನಕ್ಕು ನಕ್ಕು ನನಗೆ ಸಾಕಾಗಿತ್ತು. ಅಂದಿನಿಂದ ಇಲಿಗಳ ಪುಟ ನಮ್ಮಿಬ್ಬರದಾಯಿತು. ನಿನ್ನ ನಾದಿನಿಯರ ಕುಹಕ, ನನ್ನ ಸಾಹೇಬರ ಸಿಡಿಮಿಡಿ ಎಲ್ಲವೂ ಹಿಕ್ಕೆಯ ಲೆಕ್ಕದ ಕೆಳಗೇ ಹೋಗಿ ಬಂದು ಮಾಡಿದವು. ಇವತ್ತು ಇಲ್ಲಿ ನಗುವಂಥದ್ದೇನಿಲ್ಲ. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಕೂತು ಓದು.

ಭಾವನ ಬಗ್ಗೆ ಮೊದಲ ಹಾಳೆಯಲ್ಲಿ ಬರೆದದ್ದರಲ್ಲಿ ಮುಷ್ಕರದ ವಾದವೊಂದೇ ನಿಜ. ಅವರ ದೊಡ್ಡ ಕರುಳಿನಲ್ಲಿ ಗಡ್ಡೆಯಿದೆ. ಕ್ಯಾನ್ಸರ್. ಲಿವರಿಗೂ ಹಬ್ಬಿದೆ. ಗುಣವಾಗುವುದಿಲ್ಲ, ಅಕ್ಕ. ಇದನ್ನು ಮೆತ್ತಗೆ ಹೇಳುವ ಬಗೆಯೊಂದು ಸಿಕ್ಕೀತೆಂದು ಇಷ್ಟು ದಿನ ಕಾದೆ. ಸಿಗಲಿಲ್ಲ.

ಗಡ್ಡೆ ಕರುಳಿನ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿದೆ. ಪೂರ್ತಿ ಮುಚ್ಚಿದರೆ ಹೊಟ್ಟೆ ಉಬ್ಬಿ, ಕರುಳು ಒಡೆದು, ಕೆಲವೇ ದಿನಗಳಲ್ಲಿ ವಿಪರೀತ ನೋವಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಅದಕ್ಕೇ ಡಾಕ್ಟರು ಆಪರೇಶನ್ ಮಾಡಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು, ಅಲ್ಲಿಗೊಂದು ಚೀಲ ಕಟ್ಟುತ್ತೇವೆ ಎನ್ನುತ್ತಾರೆ. ಮಲ ಆ ಚೀಲಕ್ಕೆ ಬರುತ್ತದೆ. ರೋಗ ಹೋಗುವುದಿಲ್ಲ. ಆದರೆ ಉಣ್ಣಬಹುದು, ಎದ್ದು ಓಡಾಡಬಹುದು, ಊರಿಗೆ ಬಂದು ಮಕ್ಕಳ ಜೊತೆ ಕೆಲವು ತಿಂಗಳು ಇರಬಹುದು. ಕೇಳುತ್ತಿರುವುದು ಅಷ್ಟನ್ನೇ, ಅದಕ್ಕೂ ಭಾವ ಒಪ್ಪುತ್ತಿಲ್ಲ.

ಅವರಿಗೆ ಎಲ್ಲವೂ ಗೊತ್ತು. ನಾನೇ ಹೇಳಿದೆ. ಕೇಳಿ, “ಹೊಟ್ಟಿ ಮ್ಯಾಲೆ ಹೊಲಸಿನ ಚೀಲ ಕಟಗೊಂಡು ಗಾದಿ ಮ್ಯಾಲೆ ಹ್ಯಾಂಗ ಕುಂದರ್ಲೆವಾ ಪ್ರಭಾ? ಗಿರಾಕಿ ಮೂಗ ಮುಚಗೊಂಡು ಹೊಕ್ಕಾರ. ಲಿಂಗಪೂಜಾ ಹ್ಯಾಂಗ ಮಾಡ್ಲಿ?” ಎಂದರು. ನಾನು ಎಷ್ಟೇ ಹೇಳಿದರೂ ತಲೆಯಾಡಿಸಿದರು. ಕಡೆಗೆ ಗೋಡೆಯ ಕಡೆ ಹೊರಳಿ, “ನಿಮ್ಮಕ್ಕಗ ಅಸಹ್ಯ ಆಗಬಾರದು. ಆಕಿ ಬಂದು, ನೋಡಿ, ಹೂಂ ಅಂದ್ರ ಮಾಡಿಸ್ಕೋತೀನಿ” ಎಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನಿನ್ನ ಬಗ್ಗೆ ನನ್ನೆದುರು ಒಂದು ಮಾತಾಡಿದ್ದರೆ ಅದು ಇದೇ.

ಬಾಗಿಲ ಮೇಲೆ ‘ಡಾ. ಪ್ರಭಾ’ ಎಂದು ಫಲಕ ಹಾಕಿದ್ದೇ ತಪ್ಪಾಯಿತು. ನಮ್ಮ ಚಾಳಿನ ನೆರೆಯವರು ಕೆಮ್ಮಿಗೂ ನನ್ನ ಬಾಗಿಲು ತಟ್ಟುತ್ತಾರೆ. ಊರವರೆಲ್ಲ ಕಾಳವ್ವನ ತಂಗಿ ಮುಂಬೈ ಕಡೆ ಕ್ಯಾನ್ಸರ್ ಡಾಕ್ಟರಂತೆ ಎಂದು ಹೇಳಿಕೊಂಡು ತಿರುಗುತ್ತಾರೆ. ಭಾವ ಭಿವಂಡಿಯಿಂದ ನೆಟ್ಟಗೆ ನಮ್ಮ ಮನೆಗೆ ಬಂದದ್ದೂ ಆ ಧೈರ್ಯದಿಂದಲೇ. ನನ್ನದು ಪಿಎಚ್.ಡಿ.ಯ ‘ಡಾ.’, ನಾನು ಒಬ್ಬ ರೋಗಿಯ ನಾಡಿಯನ್ನೂ ಹಿಡಿದವಳಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲಿಗೆ ಬಂದಾಗಿನಿಂದ ದಿನಾ ಲೋಕಲ್‌ನಲ್ಲಿ ಜೋತುಬಿದ್ದು ಥಾಣೆಗೆ ಹೋಗಿ, ಇಲಿಗಳನ್ನು ಜಾಲರಿಯ ಕೊಳವೆಗಳಲ್ಲಿ ಅಲುಗದಂತೆ ತುಂಬಿಡುತ್ತೇನೆ. ಬೆದರಿದ ಜೀವದ ಕರುಳು ಏನಾಗುತ್ತದೆ, ಅಲ್ಲಿ ಗಡ್ಡೆ ಬೇಗ ಬೆಳೆಯುತ್ತದೆಯೇ ಎಂದು ನೋಡುತ್ತೇನೆ. ಹರೆಯವೆಲ್ಲ ಇದರಲ್ಲೇ ಕಳೆಯಿತು. ಇದರಿಂದ ಇಲ್ಲಿಯವರೆಗೆ ಯಾರ ಹೊಟ್ಟೆಯೂ ತಣ್ಣಗಾಗಿಲ್ಲ.

ಮೊನ್ನೆ ಭಾವ ಮೆಲ್ಲಗೆ, “ನಿನ್ನ ಇಲಿಗೋಳಿಗೆ ಕೊಡೂ ಔಷಧ ನನಗೂ ಒಂದೀಟು ಕೊಡವಾ, ಯಾರಿಗೂ ಹೇಳೂದಿಲ್ಲ” ಎಂದು ಕೇಳಿದರು. ನಾನು ಇಲಿಗಳಿಗೆ ಔಷಧ ಕೊಡುವುದಿಲ್ಲ, ಚಿಂತೆ ಕೊಡುತ್ತೇನೆ ಎಂದು ಅವರಿಗೆ ಹೇಗೆ ಹೇಳಲಿ? ಇನ್ನೂ ತಯಾರಾಗಿಲ್ಲ ಭಾವ ಎಂದೆ. ಆಗಲಿ, ಅವಸರ ಮಾಡಬೇಡ ಎಂದು ನನಗೇ ಸಮಾಧಾನ ಹೇಳಿದರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಇಷ್ಟು ಓದಿ ಇಷ್ಟು ಕೈಲಾಗದವಳಾಗುತ್ತೇನೆಂದು ಅವ್ವ ಬಳೆ ಒತ್ತೆಯಿಟ್ಟು ನನ್ನನ್ನು ಕಾಲೇಜಿಗೆ ಕಳಿಸಿದಾಗ ಗೊತ್ತಿರಲಿಲ್ಲ.

ಒಂದೇ ಒಂದು ಸಂಗತಿ ಕಂಡಿದ್ದೇನೆ, ಅದನ್ನು ನಿನಗೆ ಬರೆಯುತ್ತೇನೆ. ಕೊಳವೆಯಿಂದ ಬಿಟ್ಟ ಮೇಲೆ ಒಂಟಿ ಪಂಜರಕ್ಕೆ ಹಾಕಿದ ಇಲಿ ಮೂಲೆ ಹಿಡಿದು ಮೇವು ಬಿಡುತ್ತದೆ. ತನ್ನ ಹಳೆಯ ಜೊತೆಗಾರನಿರುವ ಪಂಜರಕ್ಕೆ ಹಾಕಿದ್ದು ಸ್ವಲ್ಪ ಹೊತ್ತಿಗೆ ತಿನ್ನಲು ಶುರುಮಾಡುತ್ತದೆ. ನಮ್ಮ ಸಾಹೇಬರಾದ ಪುಂಡರೀಕಾಕ್ಷ ಅವರಿಗೆ ತೋರಿಸಿದರೆ, ಜೊತೆಯಲ್ಲಿ ಹಾಕಿದ್ದರೂ ಗಡ್ಡೆ ಅಷ್ಟೇ ಬೆಳೆದಿದೆಯಲ್ಲ, ಇದನ್ನು ಯಾವ ಪತ್ರಿಕೆ ಅಚ್ಚು ಹಾಕುತ್ತದೆ ಎಂದು ಕಾಗದ ತಿರುಗಿ ಕೊಟ್ಟರು. ಅವರು ಹೇಳಿದ್ದು ಸರಿಯೇ. ಗಡ್ಡೆ ಅಷ್ಟೇ ಬೆಳೆದಿತ್ತು. ಆದರೂ ಅವು ತಿಂದವು, ಅಕ್ಕ.

ಅದಕ್ಕೇ ನೀನು ಬಾ. ಆಸ್ಪತ್ರೆಯೆಂದರೆ ಮಾವನವರು ನಿನ್ನನ್ನು ಕಳಿಸುವವರಲ್ಲ, ಭಾವನನ್ನೇ ಊರಿಗೆ ತರಿಸಿಕೊಳ್ಳುತ್ತಾರೆ. ಆ ಪ್ರಯಾಣದಲ್ಲಿ ದಾರಿಯಲ್ಲೇ ಏನಾದರೂ ಆದೀತು. ಮಿರಜದಲ್ಲಿ ಗಾಡಿ ಬದಲಿಸಿ ಕಲ್ಯಾಣದಲ್ಲಿ ಇಳಿ, ಡೊಂಬಿವಲಿಯಲ್ಲಿ ಆ ಗಾಡಿ ನಿಲ್ಲುವುದಿಲ್ಲ. ನಮ್ಮ ಮನೆಯವರು ವಾಸು ಪ್ಲಾಟ್‌ಫಾರ್ಮಿನಲ್ಲೇ ಇರುತ್ತಾರೆ. ಪುಣೆ ದಾಟುವವರೆಗೆ ಮುರುಗೆಪ್ಪನಿಗೂ ಏನೂ ಹೇಳಬೇಡ. ಭಾವನ ಮುಂದೆ ಅಳಬೇಡ ಎನ್ನುವಷ್ಟು ಕಲ್ಲು ನಾನಲ್ಲ. ಅತ್ತಾದರೂ ಹೂಂ ಎನ್ನು. ಈ ಹಾಳೆಯನ್ನು ಓದಿ ಒಲೆಗೆ ಹಾಕು.

ನಿನ್ನ ದಾರಿ ಕಾಯುತ್ತಿರುವ ತಂಗಿ,
ಪ್ರಭಾ

ತಾ. ಕ.: ಮೊದಲ ಹಾಳೆಯ ಸುದ್ದಿ ಕೇಳಿ ನೀನು ದೇವರ ಮುಂದೆ ಸಕ್ಕರೆ ಇಟ್ಟಿರುತ್ತೀ. ಅದೂ ಸುಳ್ಳು, ಅಕ್ಕ. ನನಗೆ ಏನೂ ಇಲ್ಲ, ಇನ್ನು ಆಗುವುದೂ ಇಲ್ಲವೆಂದು ಡಾಕ್ಟರು ಹೋದ ತಿಂಗಳೇ ಹೇಳಿದರು. ನಿನ್ನನ್ನು ಆ ಹೊಸ್ತಿಲು ದಾಟಿಸಲು ಬೇರೆ ನೆವ ಹೊಳೆಯಲಿಲ್ಲ. ಕುಬಸಕ್ಕೆ ಮಾತ್ರ ಮಾವನವರು ಒಲ್ಲೆ ಎನ್ನಲಾರರು. ವಾಸು ಆ ಹಾಳೆಯನ್ನು ಎರಡು ಸಲ ಓದಿ, ಪೋಸ್ಟಿಗೆ ತಾವೇ ಹಾಕುವುದಾಗಿ ಹೇಳಿದರು. ಹಸಿರು ಸೀರೆಯನ್ನು ಎಲ್ಲರಿಗೂ ಕಾಣುವಂತೆ ಕೊಂಡು ತಾ, ಅನುಮಾನ ಬರಬಾರದು. ಹಸಿರು ಬಳೆ ಮಾತ್ರ ನನಗೆ ತರಬೇಡ. ಅವನ್ನು ನಿನ್ನ ಕೈತುಂಬ ಇಡಿಸಿಕೊಂಡು ಬಾ. ಭಾವ ನೋಡಲಿ.