ರಜೆಯಲ್ಲೂ ತೆರೆದಿರುವ ಕಾಲೇಜು

ಫೆಬ್ರವರಿ 2009

ರೇಣು ಅತ್ತೆಗೆ ನಮಸ್ಕಾರ.

ಹೀಗೆ ದಿಢೀರನೆ ಇಮೇಲ್ ಬರೆಯುತ್ತಿರುವುದಕ್ಕೆ ಸಾರಿ; ಫೋನಿನಲ್ಲಾದರೆ ಅಳು ಬರುತ್ತದೆ.

ಲೇಆಫ್ ಆದಮೇಲೂ ಪಪ್ಪ ದಿನಾ ಟೈ ಕಟ್ಟಿಕೊಂಡು ಟ್ರೈನ್ ಹತ್ತುತ್ತಿದ್ದಾರೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿರುವುದು ಅವರು, ಮಹಿಮಾ ಇಬ್ಬರೇ. ಈಗ ಅವಳನ್ನೂ ಎ-ಲೆವೆಲ್‌ಗೆಂದು, ಅಂದರೆ ಅಲ್ಲಿನ ಪಿಯುಸಿಯಂಥ ಓದಿಗೆಂದು, ಬೆಂಗಳೂರಿಗೆ ಕಳಿಸುವ ಅವಸರ. ಶನಿವಾರ ಪ್ಲೇನ್ಸ್‌ಬರೋದ ಮನೆಗೆ ಹೋದಾಗ ನಾನೇ ಕೇಳಿಸಿಕೊಂಡೆ. ಒಂದೊಂದು ಕಾಲೇಜಿಗೂ ಫೋನ್ ಮಾಡಿ, ಸಬ್ಜೆಕ್ಟ್ಸ್, ರಿಸಲ್ಟ್ ಏನೂ ವಿಚಾರಿಸದೆ, "ರಜೆಯಲ್ಲೂ ಮಕ್ಕಳನ್ನ ಇಟ್ಕೋತೀರಾ?" ಎಂದಷ್ಟೇ ಕೇಳುತ್ತಿದ್ದರು.

"ಅಕ್ಕಾ, ನನ್ನನ್ನ ಪಾರ್ಸೆಲ್ ಮಾಡ್ತಿದಾರೆ," ಎಂದು ಮಹಿಮಾ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಹಾಸ್ಟೆಲಿನಲ್ಲೇ ಓದಿದವಳಲ್ಲವೇ? ರಜೆಯಲ್ಲಿ ಅಲ್ಲೇ ಉಳಿಯುತ್ತಿದ್ದವರು ಮನೆಯಲ್ಲಿ ಯಾರೂ ಇಲ್ಲದ ಮಕ್ಕಳು.

"ರಜೆಗೆ ಮನೆಗೇ ಬರಲಿ, ಪಪ್ಪಾ," ಎಂದೆ.

"ನೀನಿದೀಯಲ್ಲ, ನೋಡ್ಕೋತೀಯ," ಎಂದು ನನ್ನ ತಲೆ ಸವರಿದರು. ಹಾಗಾದರೆ ಪಪ್ಪ ಎಲ್ಲಿರುತ್ತಾರೆ, ಅತ್ತೆ?

ಫಸ್ಟ್ ಇಯರ್ ಮಿಡ್‌ಟರ್ಮ್ಸ್ ಮುಗಿಸಿ ಶುಕ್ರವಾರ ನಾನು ಬರುತ್ತೇನೆ. ನಿಮ್ಮ ಜೆರಿಕೋದ ಮನೆಯಿಂದ ದೂರವೆಂದು ಗೊತ್ತು, ಆದರೂ ಅಲ್ಲಿಯವರೆಗೆ ನೀವು ಪಪ್ಪನ ಜೊತೆ ಇರಿ. ಒಬ್ಬರನ್ನೇ ಬಿಡಬೇಡಿ. ನಾನು ಬರೆದೆನೆಂದು ಹೇಳಬೇಡಿ.

ಯಾವಾಗ ಹೊರಡುತ್ತೀರೆಂದು ದಯವಿಟ್ಟು ಇವತ್ತೇ ತಿಳಿಸಿ.

ನಿಮ್ಮ
ಜ್ಯೋತ್ಸ್ನಾ