ಹನ್ನೆರಡನೆಯ ನಿಮಿಷದ ಅಲೆ

ಹೊಸಕೋಡಿ ಅಳಿವೆ,
೨೩೧೧, ಫೆಬ್ರವರಿ ೩೦

ಮೇನಕಜ್ಜಿಗೆ ಗುಲಾಬಿ ಮರಕಾಲಳ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಪಂಚಾಂಗ ತಿದ್ದಿ ನೂರು ವರ್ಷ ಕಳೆಯಿತು. ಮೂವತ್ತೊಂದರ ಹೆಣ್ಣುಮಗಳನ್ನು ಅಜ್ಜಿ ಎನ್ನುತ್ತಿರುವುದಕ್ಕೂ ಬೈಯಬೇಡಿ. ನನಗೇ ಅರವತ್ತನಾಲ್ಕು. ಆದರೆ ಊರಿಗೆ ಊರೇ ನಿಮ್ಮನ್ನು ಹಾಗೆ ಕರೆಯುವಾಗ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ನಿಮಗೆ ಗೊತ್ತಿಲ್ಲದ ಮಾತು ಇಲ್ಲಿ ಸಿಕ್ಕರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಈ ಊರಿನ ಅಲೆಗಾತಿ. ಅಂದರೆ, ಕಡಲನ್ನು ಯಂತ್ರದೊಳಗೆ ಸಣ್ಣ ಸಣ್ಣ ತ್ರಿಕೋನಗಳಾಗಿ ತುಂಡರಿಸಿ, ಒಂದು ತುಂಡು ಅಲುಗಿದರೆ ಪಕ್ಕದ್ದು ಎಷ್ಟು ಅಲುಗುತ್ತದೆಂದು ಲೆಕ್ಕ ಹಾಕಿ, ಅಲೆ ಯಾವಾಗ, ಎಷ್ಟು ಎತ್ತರಕ್ಕೆ ಬಂದೀತೆಂದು ಹೇಳುವವಳು. ನೀವು ಕಂಪ್ಯೂಟರಿನಲ್ಲಿ ಮಾಡುತ್ತಿರುವುದೂ ಇದೇ ಕೆಲಸ. ಆ ತುಂಡುಗಳ ಜೋಡಣೆಗೆ ನಾವು ಬಲೆ ಎನ್ನುತ್ತೇವೆ. ಕಣ್ಣು ದೊಡ್ಡದಾದರೆ ಸಣ್ಣ ಅಲೆಗಳು ಮರಿಮೀನಿನ ಹಾಗೆ ನುಸುಳಿಹೋಗುತ್ತವೆ. ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ, ಆಮೇಲೆ ಕತ್ತಲಾಗುವವರೆಗೆ ಬಲೆ. ನನ್ನ ದಿನ ಇಷ್ಟೇ. ನಮ್ಮ ಮನೆಗಳು ಕಂಬಗಳ ಮೇಲಿವೆ, ಮಕ್ಕಳು ಶಾಲೆಗೆ ದೋಣಿಯಲ್ಲಿ ಹೋಗುತ್ತಾರೆ. ಆದರೂ ಮೀನುಸಾರಿಗೆ ಹುಳಿ ಹೆಚ್ಚಾಯಿತೆಂದು ಜಗಳವಾಡುವುದನ್ನು ಯಾರೂ ಬಿಟ್ಟಿಲ್ಲ.

ಮೂರು ವರ್ಷದ ಹಿಂದೆ, ಕಡಲ ತಳದ ನೆಲ ಜಾರಲಿದೆಯೆಂದು ಎಚ್ಚರಿಕೆ ಬಂತು. ನಮ್ಮ ಅಳಿವೆಗೆ ಅಂಥ ಅಲೆಯ ಲೆಕ್ಕ ಹಾಕಿದವರು ಒಬ್ಬರೇ, ನೀವು. ಸುಮಾರು ಮುನ್ನೂರು ವರ್ಷ ಹಳೆಯ ನಿಮ್ಮ ವರದಿಯ ಚಿತ್ರಗಳನ್ನು ಸಭೆಯಲ್ಲಿ ಬಿಡಿಸಿಟ್ಟರು. ಮೊದಲ ಅಲೆ ಆಳೆತ್ತರ. ಅದನ್ನು ನಮ್ಮ ಕಂಬಗಳು ತಾಳಿಕೊಳ್ಳುತ್ತವೆ. ಆದರೆ ಹನ್ನೆರಡನೆಯ ನಿಮಿಷಕ್ಕೆ ತೆರೆದ ಕಡಲಿನಿಂದ ಇನ್ನೊಂದು, ಮೂರಾಳೆತ್ತರದ್ದು! ನಾನೂ ಹೌದೆಂದು ತಲೆಯಾಡಿಸಿದೆ. ನಾನೂರು ಮನೆಯ ಊರನ್ನೇ ಬಿಟ್ಟು ಶಾಶ್ವತವಾಗಿ ಘಟ್ಟ ಹತ್ತುವುದೆಂದು ತೀರ್ಮಾನವಾಯಿತು. ನಮ್ಮ ಅತ್ತಿಗೆ ಮನೆಯ ಹೊಸ್ತಿಲನ್ನೇ ಕಿತ್ತು ಸೀರೆಯಲ್ಲಿ ಸುತ್ತಿಟ್ಟಳು.

ದೋಣಿ ಬಿಟ್ಟು ಬೇರೇನೂ ಗೊತ್ತಿಲ್ಲದ ಬಚ್ಚಣ್ಣ ಅಂದು ನನ್ನ ಬಾಗಿಲಿಗೆ ಬಂದು, "ಹ್ವಾಯ್ ಗುಲಾಬಿ, ಅಲೆ ದಡಕ್ಕೆ ಬಡ್ದ್ ತಿರುಗ್ದು ಕಂಡಿದೆ. ತೆರೆದ ಕಡ್ಲಂಗೆ ಎಂತಕ್ಕೆ ಬಡ್ದ್ ತಿರುಗುತ್ ಮಾರಾಯ್ತಿ? ಒಂಚೂರ್ ಕಾಣ್" ಎಂದ. ನಾಚಿಕೆಯಾಯಿತು ಅಜ್ಜಿ. ನಲವತ್ತು ವರ್ಷ ಇದೇ ಕೆಲಸ ಮಾಡಿ ನಾನು ಚಿತ್ರ ನೋಡಿದ್ದೆನೇ ಹೊರತು, ಯಂತ್ರಕ್ಕೆ ನೀವು ಉಣಿಸಿದ್ದ ಮೂಲ ಕಡತವನ್ನು ತೆರೆದೇ ಇರಲಿಲ್ಲ. ತೆರೆದೆ. ಅದರ ಕೊನೆಯಲ್ಲಿ, ಯಂತ್ರ ಓದದೆ ಮುಂದೆ ಹೋಗಲೆಂದು ಗುರುತು ಹಾಕಿ, ಮನುಷ್ಯರಿಗಾಗಿ ಮಾತ್ರ ಬರೆದ ಒಂದು ಸಾಲಿತ್ತು:

"ಹನ್ನೆರಡನೆಯ ನಿಮಿಷದ ಅಲೆಯನ್ನು ನಂಬಬೇಡಿ. ಅದು ಕಡಲಿನದಲ್ಲ, ನನ್ನದು. ಬಲೆಯ ಅಂಚಿಗೆ ಅಲೆ ಹೀರುವ ಪದರ ಹಾಕಲು ಮರೆತೆ. ಅಂಚು ಗೋಡೆಯಾಗಿ, ಹೊರಗೆ ಹೋಗಬೇಕಾದ ಅಲೆ ಅದಕ್ಕೆ ಬಡಿದು ವಾಪಸು ಬಂದಿದೆ. — ಮೇನಕಾ."

ಓದಿ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಆ ಪದರ ಹಾಕಿ ಮತ್ತೆ ಲೆಕ್ಕ ಮಾಡಿದೆ. ಎರಡನೆಯ ಅಲೆ ಮಾಯ. ಘಟ್ಟದ ದಾರಿಗೆ ನಿಂತಿದ್ದ ಗಾಡಿಗಳನ್ನು ತಿರುಗಿಸಿದೆವು. ಹದಿನೆಂಟು ದಿನಕ್ಕೆ ನೆಲ ಜಾರಿತು. ಎಲ್ಲರೂ ಮೇಲಟ್ಟದಲ್ಲಿ ಕುಳಿತೆವು. ಆಳೆತ್ತರದ ಅಲೆ ನೀವು ಹೇಳಿದ ನಿಮಿಷಕ್ಕೇ ಬಂದು ಕಂಬಗಳ ನಡುವೆ ಹಾದುಹೋಯಿತು. ಹನ್ನೆರಡನೆಯ ನಿಮಿಷಕ್ಕೆ ನಾನು ಎದ್ದು ತೆರೆದ ಕಡಲಿನತ್ತ ನೋಡಿದೆ. ಏನೂ ಬರಲಿಲ್ಲ. ಹದಿಮೂರು, ಹದಿನಾಲ್ಕು... ಬಚ್ಚಣ್ಣ ಎಲೆಅಡಿಕೆ ಚೀಲ ಬಿಚ್ಚಿದ.

ಅಂದಿನಿಂದ ನಮ್ಮಲ್ಲೊಂದು ಪದ್ಧತಿ. ಯಾವ ಲೆಕ್ಕವನ್ನಾದರೂ ಊರ ಮುಂದಿಡುವ ಮೊದಲು ಅಲೆಗಾತಿ ಎದ್ದು ನಿಂತು ತನ್ನ ತಪ್ಪುಗಳನ್ನು ಗಟ್ಟಿಯಾಗಿ ಓದಬೇಕು. ಅದಕ್ಕೆ ಮೇನಕಾ ಸಾಲು ಎಂದು ಹೆಸರು. ಮೊದಮೊದಲು ನನ್ನ ನಾಲಿಗೆ ತಡವರಿಸುತ್ತಿತ್ತು, ಈಗ ರೂಢಿಯಾಗಿದೆ. ನಿಮ್ಮ ಋಣ ತೀರಿಸಲು ನಮಗೆ ಬೇರೆ ದಾರಿ ಗೊತ್ತಿಲ್ಲ.

ಇನ್ನೊಂದು ಮಾತು. ಆ ಕಡತದಲ್ಲಿ ಪ್ರತಿ ಬದಲಾವಣೆಯ ಸಮಯವೂ ದಾಖಲಾಗಿದೆ. ಆ ಸಾಲನ್ನು ನೀವು ಸಂಜೆ ನಾಲ್ಕೂ ಹತ್ತಕ್ಕೆ ಬರೆದಿದ್ದೀರಿ. ನಾಲ್ಕೂ ಮೂವತ್ತೈದಕ್ಕೆ ಅಳಿಸಿದ್ದೀರಿ. ವರದಿ ಆಗಲೇ ಹೋಗಿತ್ತೋ, ತಪ್ಪನ್ನು ಯಾರಾದರೂ ತಾವಾಗಿ ತೋರಿಸುತ್ತಾರೆಯೇ ಎಂದು ಯಾರಾದರೂ ನಕ್ಕರೋ, ಕೆಲಸ ಹೋದೀತೆಂದು ಹೆದರಿದಿರೋ, ನಾನರಿಯೆ. ಐದೂ ಇಪ್ಪತ್ತಕ್ಕೆ ಅದೇ ಸಾಲು ಮತ್ತೆ ಬಂದಿದೆ.

ಈ ಪತ್ರ ಅಳಿಸಿದ್ದಕ್ಕೂ ಮತ್ತೆ ಬರೆದದ್ದಕ್ಕೂ ನಡುವಿನ ಆ ಮುಕ್ಕಾಲು ಗಂಟೆಯಲ್ಲಿ ನಿಮಗೆ ಮುಟ್ಟಲೆಂದು ಕಾಲದಲ್ಲಿ ಹಿಂದಕ್ಕೆ ಕಳಿಸಿದ್ದೇನೆ. ಈಗ ನೀವು ಅಳಿಸಿ ಸುಮ್ಮನೆ ಕುಳಿತಿದ್ದೀರಿ. ಇಲ್ಲಿ ನಮ್ಮ ಅತ್ತಿಗೆ ಮರಳಿ ಕೂರಿಸಿದ ಹೊಸ್ತಿಲಿಗೆ ರಂಗೋಲಿ ಇಡುತ್ತಿದ್ದಾಳೆ.

ಬರೆಯಿರಿ ಅಜ್ಜಿ.